ಲಾಲ್‌ಬಾಗ್‌ನಲ್ಲಿ ನಿಧಾನವಾಗಿ ನಡೆಯುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲಾಲ್‌ಬಾಗ್ ಪೂರ್ತಿ ನೋಡೋಕೆ ಎಷ್ಟು ಹೊತ್ತು ಬೇಕು?

ಒಂದೇ ದಿನಕ್ಕೆ ಪೂರ್ತಿ ನೋಡುವ ಆಸೆ ಬಿಟ್ಟುಬಿಡಿ. ಅದು 240 ಎಕರೆ ಜಾಗ. ಬಿರುಸಾಗಿ ನಡೆದರೆ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಬೇಗ ತಲುಪಬಹುದು. ಆದರೆ ಹಾಗೆ ನಡೆದವರಿಗೆ ಕಾಣುವುದು ದಾರಿ ಮಾತ್ರ. ಲಾಲ್‌ಬಾಗ್ ಬರೀ ಪಾರ್ಕ್ ಅಲ್ಲ, ಸಸ್ಯಗಳನ್ನು ತಂದು, ಬೆಳೆಸಿ, ಅಭ್ಯಾಸ ಮಾಡಲೆಂದು ಕಟ್ಟಿದ ತೋಟ. ಹಾಗಾಗಿ ಇಲ್ಲಿ ನಿಂತು ನೋಡುವುದೇ ಜಾಸ್ತಿ ಇರಬೇಕು. ಎರಡೂವರೆ ಮೂರು ಗಂಟೆ ಇಟ್ಟುಕೊಳ್ಳಿ. ಬಂಡೆ, ಗಾಜಿನ ಮನೆ, ನಾಲ್ಕಾರು ಹಳೆಯ ಮರ, ಕೆರೆ ಇಷ್ಟನ್ನು ನೆಮ್ಮದಿಯಾಗಿ ನೋಡಬಹುದು. ಉಳಿದದ್ದಕ್ಕೆ ಇನ್ನೊಂದು ದಿನ ಬಂದರಾಯಿತು.

ಎಷ್ಟು ಗಂಟೆಗೆ ಹೋಗಬೇಕು? ಟಿಕೆಟ್ ಇದೆಯಾ?

ಬೆಳಗ್ಗೆ 6ರಿಂದ ಸಂಜೆ 7ರವರೆಗೆ ಗೇಟು ತೆಗೆದಿರುತ್ತದೆ. ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಟಿಕೆಟ್ ಇಲ್ಲ, ಆಮೇಲೆ ಬಂದರೆ ಇದೆ. ದರ ಆಗಾಗ ಬದಲಾಗುತ್ತದೆ, ಗೇಟಿನ ಬೋರ್ಡು ನೋಡಿ.

ಬೆಳಗ್ಗೆ 6ರಿಂದ 8 ವಾಕಿಂಗಿನವರ ಹೊತ್ತು. ಜಯನಗರ, ಬಸವನಗುಡಿ, ಮಾವಳ್ಳಿ, ವಿಲ್ಸನ್ ಗಾರ್ಡನ್ ಕಡೆಯ ಹಿರಿಯರು ಗುಂಪು ಗುಂಪಾಗಿ ಬರುತ್ತಾರೆ. ಅವರ ಮಾತು, ನಗು ಎಲ್ಲ ಸೇರಿಯೇ ಲಾಲ್‌ಬಾಗ್. ಮರ ನೋಡುವ ಆಸೆ ಇದ್ದವರು ಎಂಟರ ಮೇಲೆ ಬಂದರೂ ಪರವಾಗಿಲ್ಲ. ಆಗ ದಾರಿ ಸ್ವಲ್ಪ ಖಾಲಿ ಇರುತ್ತದೆ, ನೀವು ನಡುವೆ ನಿಂತರೆ ಯಾರಿಗೂ ಅಡ್ಡಿ ಆಗುವುದಿಲ್ಲ. ಭಾನುವಾರ ಸಂಜೆ ಮಾತ್ರ ಬೇಡ, ತುಂಬಾ ಜನ.

ಯಾವ ಗೇಟಿನಿಂದ ಒಳಗೆ ಹೋಗಲಿ?

ಏನು ನೋಡಬೇಕು ಎನ್ನುವುದರ ಮೇಲೆ ಹೋಗುತ್ತದೆ. ಮೆಟ್ರೋದಲ್ಲಿ ಬರುವವರಿಗೆ ಪಶ್ಚಿಮ ಗೇಟು. ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣ ಅದರ ಹತ್ತಿರವೇ ಇದೆ. ಡಬಲ್ ರೋಡ್ ಕಡೆಯಿಂದ ಬಂದರೆ ಬಂಡೆ ಹತ್ತಿರ. ಮಾವಳ್ಳಿ ಕಡೆಯ ಮುಖ್ಯ ಗೇಟಿನಿಂದ ಬಂದರೆ ಚಾಮರಾಜೇಂದ್ರ ಒಡೆಯರ್ ಅವರ ಕುದುರೆ ಸವಾರಿಯ ಪ್ರತಿಮೆ, ಎಚ್‌ಎಂಟಿಯ ಹೂವಿನ ಗಡಿಯಾರ, ಗಾಜಿನ ಮನೆ. ಜಯನಗರ ಅಶೋಕ ಪಿಲ್ಲರ್ ಕಡೆಯವರಿಗೆ ದಕ್ಷಿಣದ ಚಿಕ್ಕ ಗೇಟು ಇದೆ, ಅಲ್ಲಿಂದ ಕೆರೆ ಹತ್ತಿರ.

ಮೊದಲ ಸಲ ಬರುತ್ತಿದ್ದೇವೆ. ಯಾವ ದಾರಿ ಹಿಡಿಯಬೇಕು?

ಬೆಳಗ್ಗೆ ಆದರೆ ಡಬಲ್ ರೋಡ್ ಕಡೆಯಿಂದ ಬನ್ನಿ. ಬಿಸಿಲು ಏರುವ ಮೊದಲು ಬಂಡೆ ಹತ್ತಿಬಿಡಿ, ಅಲ್ಲಿ ನೆರಳೇ ಇಲ್ಲ. ಇಳಿದು ಗಾಜಿನ ಮನೆ ಕಡೆ ನಡೆಯಿರಿ. ಅದರ ಸುತ್ತಮುತ್ತಲ ಹಳೆಯ ಮರಗಳನ್ನು ನೋಡಿಕೊಂಡು ತಂಪಿನಲ್ಲೇ ಕೆರೆಗೆ ಹೋಗಿ. ಕೆರೆ ದಡದಲ್ಲಿ ಸ್ವಲ್ಪ ಕುಳಿತು ಪಶ್ಚಿಮ ಗೇಟಿನಿಂದ ಮೆಟ್ರೋ ಹಿಡಿಯಬಹುದು.

ಸಂಜೆ ಆದರೆ ಇದನ್ನೇ ತಿರುಗಿಸಿ. ನಾಲ್ಕು ಗಂಟೆಗೆ ಪಶ್ಚಿಮ ಗೇಟು, ಕೆರೆ, ಮರಗಳು, ಗಾಜಿನ ಮನೆ, ಕೊನೆಗೆ ಬಂಡೆ. ಸೂರ್ಯ ಮುಳುಗುವ ಹೊತ್ತಿಗೆ ಬಂಡೆ ಮೇಲಿದ್ದರೆ ಊರಿಗೆ ಊರೇ ಕಣ್ಣೆದುರು ಇರುತ್ತದೆ.

ಒಂದು ಮಾತು. ದೊಡ್ಡ ದಾರಿಯನ್ನೇ ಹಿಡಿದು ಸುತ್ತು ಹಾಕಬೇಡಿ. ಎಲ್ಲಿ ಕಾಲುದಾರಿ ಕಂಡರೂ ಒಳಗೆ ತಿರುಗಿ. ಒಳ್ಳೆಯ ಮರಗಳು ಎಷ್ಟೋ ಅಲ್ಲೇ ಇವೆ. ದಾರಿ ತಪ್ಪಿದರೂ ಯಾರಾದರೂ ಮಾಲಿ ಸಿಗುತ್ತಾರೆ, ಕೇಳಿದರೆ ದಾರಿಯ ಜೊತೆಗೆ ಪಕ್ಕದ ಗಿಡದ ಹೆಸರನ್ನೂ ಹೇಳುತ್ತಾರೆ.

ಆ ಬಂಡೆ ಅಷ್ಟು ಹಳೆಯದಾ?

ಹೌದು, ಸುಮಾರು 300 ಕೋಟಿ ವರ್ಷದ್ದು. ಮರ ಇರಲಿ, ಹುಲ್ಲು ಕೂಡ ಭೂಮಿ ಮೇಲೆ ಹುಟ್ಟುವುದಕ್ಕಿಂತ ಎಷ್ಟೋ ಹಿಂದಿನ ಕಲ್ಲು. ಇದಕ್ಕೆ ಪೆನಿನ್ಸುಲಾರ್ ನೈಸ್ ಎನ್ನುತ್ತಾರೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಈ ಹೆಸರು ಕೊಟ್ಟರು. ದಕ್ಷಿಣ ಭಾರತದ ಬಹುಭಾಗ ಇಂಥ ಕಲ್ಲಿನ ಮೇಲೇ ನಿಂತಿದೆ. 1975ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಲಾಲ್‌ಬಾಗಿನ ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿತು.

ಹತ್ತುವವರಲ್ಲಿ ಹೆಚ್ಚಿನವರು ಮೇಲಿನ ಗೋಪುರವನ್ನೇ ನೋಡುತ್ತಾ ಹೋಗುತ್ತಾರೆ. ನೀವು ಕಾಲಡಿ ನೋಡಿ. ಬೂದು ಕಲ್ಲಿನಲ್ಲಿ ಬಿಳಿ ಪಟ್ಟೆಗಳು ಓಡಿರುತ್ತವೆ, ಕೆಲವು ಕಡೆ ಮಡಚಿ ತಿರುಗಿರುತ್ತವೆ. ನೆಲದ ಆಳದಲ್ಲಿ ವಿಪರೀತ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಕಲ್ಲೇ ಮೆತ್ತಗಾಗಿ ಮಡಚಿಕೊಂಡ ಗುರುತು ಅದು. ಮೇಲಿದ್ದ ಪದರಗಳು ಸವೆದು ಹೋದ ಮೇಲೆ ಅದು ಹೊರಗೆ ಕಂಡಿದೆ. ಮಕ್ಕಳು ಜೊತೆಗಿದ್ದರೆ ಆ ಪಟ್ಟೆಗಳನ್ನು ಬೆರಳಿಂದ ಮುಟ್ಟಿಸಿ. ಶಾಲೆಯ ಪುಸ್ತಕದಲ್ಲಿ ಓದುವುದಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ಮೇಲಿರುವುದು ಕೆಂಪೇಗೌಡ ಗೋಪುರ. ಊರಿನ ನಾಲ್ಕು ದಿಕ್ಕಿಗೆ ಕಟ್ಟಿದ ನಾಲ್ಕು ಗಡಿ ಗೋಪುರಗಳಲ್ಲಿ ಒಂದು. ಉಳಿದ ಮೂರು ಮೇಖ್ರಿ ವೃತ್ತದ ಹತ್ತಿರ, ಹಲಸೂರು ಕೆರೆ ಬಳಿ, ಕೆಂಪಾಂಬುಧಿ ಕೆರೆ ಬಳಿ ಇವೆ. ಊರು ಇಲ್ಲಿಯವರೆಗೆ ಬೆಳೆಯುತ್ತದೆ ಎಂದು ಆಗಿನವರು ಅಂದುಕೊಂಡಿದ್ದ ಗಡಿ ಇದು. ಅಲ್ಲಿ ನಿಂತು ಸುತ್ತ ಕಣ್ಣು ಹಾಯಿಸಿದರೆ ಬೆಂಗಳೂರು ಎಷ್ಟು ಬೆಳೆದಿದೆ ಎಂದು ಲೆಕ್ಕ ಹಾಕಬೇಕಾಗಿಲ್ಲ.

ಮಳೆ ಬಂದ ದಿನ ಬಂಡೆ ಜಾರುತ್ತದೆ. ಚಪ್ಪಲಿ ಸವೆದಿದ್ದರೆ ಹತ್ತಬೇಡಿ.

ಇದು ಹೈದರ್ ಅಲಿಯ ತೋಟವಾ, ಬ್ರಿಟಿಷರದ್ದಾ?

ಇಬ್ಬರದ್ದೂ ಹೌದು. ಆಮೇಲೆ ನಮ್ಮವರದ್ದೂ ಹೌದು. ಈ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಕೊಟ್ಟರೆ ಉಳಿದವರಿಗೆ ಅನ್ಯಾಯ.

1760ರಲ್ಲಿ ಹೈದರ್ ಅಲಿ ಶುರು ಮಾಡಿಸಿದ. ಆಗ ಇದ್ದದ್ದು ಸುಮಾರು 40 ಎಕರೆ. ಶಿರಾದಲ್ಲಿದ್ದ ಮೊಘಲ್ ಶೈಲಿಯ ತೋಟ ನೋಡಿ ಅಂಥದ್ದೇ ಬೇಕು ಎನಿಸಿತಂತೆ. ಟಿಪ್ಪು ಸುಲ್ತಾನ್ ಅದನ್ನು ಬೆಳೆಸಿದ, ಹೊರದೇಶಗಳಿಂದಲೂ ಗಿಡ, ಬೀಜ ತರಿಸಿದ. ನೆಲ ಅಗೆದು ನೀರು ಹಾಯಿಸಿ ತೋಟ ಕಟ್ಟಿದವರು ತಿಗಳರು ಎಂಬ ಮಾತು ಊರಲ್ಲಿ ಹಿಂದಿನಿಂದ ಬಂದಿದೆ. ಹೂವು, ತರಕಾರಿ ಬೆಳೆಯುವುದರಲ್ಲಿ ಪಳಗಿದ ಜನ. ಚೈತ್ರ ಹುಣ್ಣಿಮೆಗೆ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರುವವರೂ ಇವರೇ. ಲಾಲ್‌ಬಾಗಿನ ಕಥೆ ಹೇಳುವಾಗ ರಾಜರ ಹೆಸರಿನ ಜೊತೆ ಇವರ ಹೆಸರೂ ಬರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ತೋಟ ಬ್ರಿಟಿಷರ ಕೈಗೆ ಹೋಯಿತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ ಬಂದರು. 1874ರಲ್ಲಿ ಬಂದ ಜಾನ್ ಕ್ಯಾಮರಾನ್ ಮೂವತ್ತಕ್ಕೂ ಹೆಚ್ಚು ವರ್ಷ ಇದ್ದರು. ಬಂಡೆಯೂ ಸೇರಿ ತೋಟ ದೊಡ್ಡದಾಗಿದ್ದು ಅವರ ಕಾಲದಲ್ಲೇ. ನಾವು ಸಾಗು, ಕೂಟು ಮಾಡುವ ಸೀಮೆಬದನೆಕಾಯಿಯನ್ನು ಈ ಭಾಗಕ್ಕೆ ತಂದವರು ಅವರೇ. ಸಸ್ಯೋದ್ಯಾನ ಅಂದರೆ ಬರೀ ಅಂದಕ್ಕಲ್ಲ, ಅಡುಗೆಮನೆಗೂ ನಂಟು ಇದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

1908ರಲ್ಲಿ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಬಂದರು. ಬರೋಡಾದಲ್ಲಿ ಕೆಲಸ ಮಾಡಿದ್ದವರನ್ನು ಮೈಸೂರು ಅರಸರು ಕರೆಸಿಕೊಂಡರು. ಒಂದು ಜಾತಿಯ ಮರದ ಹೂವು ಉದುರುವಷ್ಟರಲ್ಲಿ ಇನ್ನೊಂದು ಜಾತಿ ಅರಳಬೇಕು, ವರ್ಷವಿಡೀ ಊರಲ್ಲಿ ಎಲ್ಲೋ ಒಂದು ಕಡೆ ಹೂವು ಇರಬೇಕು. ಹೀಗೆ ಯೋಚಿಸಿ ರಸ್ತೆ ಬದಿಗೂ ಮರ ಹಾಕಿಸಿದರು. ಇವತ್ತು ಜನವರಿಯಿಂದ ಮೇ ತನಕ ಬೆಂಗಳೂರಿನ ಮರಗಳು ಸರದಿಯಲ್ಲಿ ಅರಳುವುದಕ್ಕೆ ಆ ಯೋಚನೆ ದೊಡ್ಡ ಕಾರಣ. ಅವರು 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಲಾಲ್‌ಬಾಗ್ ಪಕ್ಕದ ಒಂದು ರಸ್ತೆಗೆ ಅವರ ಹೆಸರಿದೆ.

1932ರಲ್ಲಿ ಎಚ್.ಸಿ. ಜವರಾಯ, ಆಮೇಲೆ ಡಾ. ಎಂ.ಎಚ್. ಮರಿಗೌಡ ಈ ಕೆಲಸ ಮುಂದುವರಿಸಿದರು. ಮರಿಗೌಡರು ತೋಟಗಾರಿಕೆಯನ್ನು ಲಾಲ್‌ಬಾಗಿನ ಗೋಡೆ ದಾಟಿಸಿ ಜಿಲ್ಲೆ ಜಿಲ್ಲೆಯ ರೈತರ ಹೊಲಕ್ಕೆ ಒಯ್ದವರು. ತೋಟದೊಳಗಿನ ಗ್ರಂಥಾಲಯಕ್ಕೆ ಅವರ ಹೆಸರು ಇಟ್ಟಿದ್ದಾರೆ.

ಗಾಜಿನ ಮನೆ ಒಳಗೆ ಏನಿದೆ?

ಪ್ರದರ್ಶನ ಇಲ್ಲದ ದಿನ ಬಹುಮಟ್ಟಿಗೆ ಖಾಲಿ. ಹೊರಗೆ ನಿಂತೇ ನೋಡಿ, ಅದೇ ಚೆನ್ನ. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಇದಕ್ಕೆ ಅಡಿಗಲ್ಲು ಹಾಕಿದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಕಬ್ಬಿಣದ ಭಾಗಗಳು ಗ್ಲಾಸ್ಗೋ ನಗರದಿಂದ ಬಂದವು. ಕಂಬದ ಮೇಲಿನ ಕುಸುರಿ ನೋಡಲು ಹತ್ತಿರ ಹೋಗಿ. ಇಡೀ ಕಟ್ಟಡ ನೋಡಲು ದೂರ ನಿಲ್ಲಿ.

ಯಾವ ಮರ ನೋಡಲೇಬೇಕು?

ನನ್ನನ್ನು ಕೇಳಿದರೆ ಲಾಲ್‌ಬಾಗಿಗೆ ಬರುವುದೇ ಮರಗಳಿಗಾಗಿ. ಹೂವಿನ ಪಾತಿ ಎಲ್ಲ ಊರಲ್ಲೂ ಸಿಗುತ್ತದೆ. ನೂರು, ನೂರೈವತ್ತು ವರ್ಷದ ಮರಗಳನ್ನು ಇಷ್ಟು ಹತ್ತಿರ, ಇಷ್ಟು ಬಗೆಯಲ್ಲಿ ಬೇರೆ ಎಲ್ಲಿ ನೋಡುತ್ತೀರಿ?

ಮೊದಲು ಬಿಳಿ ಬೂರುಗ. ಭಾರೀ ಹಳೆಯ ಮರ. ಬುಡದಿಂದ ಬೇರುಗಳು ಹಲಗೆ ನಿಲ್ಲಿಸಿದಂತೆ ಎದ್ದಿವೆ, ಒಂದೊಂದು ಬೇರಿನ ಸಂದಿಯಲ್ಲೂ ಆಳು ನಿಲ್ಲಬಹುದು. ಎತ್ತರದ ಮರ ಗಾಳಿಗೆ ಬೀಳದಂತೆ ಇವು ಆಧಾರ ಕೊಡುತ್ತವೆ. ದೊಡ್ಡ ಬೇರಿನ ಬೂರುಗದ ಮರ ಎಲ್ಲಿ ಎಂದು ಕೇಳಿ, ಯಾರಾದರೂ ತೋರಿಸುತ್ತಾರೆ. ಆದರೆ ಬೇರಿನ ಮೇಲೆ ಹತ್ತಬೇಡಿ. ಅಷ್ಟು ದೊಡ್ಡ ಮರಕ್ಕೆ ಏನಾಗುತ್ತದೆ ಅನ್ನಿಸಬಹುದು. ದಿನಕ್ಕೆ ನೂರಾರು ಜನ ಹತ್ತಿದರೆ ತೊಗಟೆ ಕಿತ್ತುಹೋಗುತ್ತದೆ, ಬುಡದ ಮಣ್ಣು ಗಟ್ಟಿಯಾಗಿ ನೀರು ಇಳಿಯುವುದಿಲ್ಲ.

ಆರಾಕೇರಿಯಾ ಮರಗಳನ್ನು ದೂರದಿಂದಲೇ ಗುರುತಿಸಬಹುದು. ಜನ ಕ್ರಿಸ್‌ಮಸ್ ಮರ ಎನ್ನುತ್ತಾರೆ. ಕುಕ್ ಪೈನ್ ಎಂಬ ಜಾತಿಯದ್ದು ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದ್ದು. ಇದರಲ್ಲೊಂದು ವಿಚಿತ್ರ ಇದೆ. ಪ್ರಪಂಚದಲ್ಲಿ ಎಲ್ಲಿ ನೆಟ್ಟರೂ ಇದು ಸಾಮಾನ್ಯವಾಗಿ ಭೂಮಧ್ಯರೇಖೆಯ ಕಡೆಗೆ ಸ್ವಲ್ಪ ವಾಲುತ್ತದೆ. ನಮ್ಮಲ್ಲಿ ಅಂದರೆ ದಕ್ಷಿಣಕ್ಕೆ. ಮುಂದೆ ನಿಂತು ದಿಕ್ಕು ನೋಡಿ.

ನಾಗಲಿಂಗದ ಮರದ ಹೂವು ಕೊಂಬೆ ತುದಿಯಲ್ಲಿ ಬಿಡುವುದಿಲ್ಲ, ಕಾಂಡದಿಂದಲೇ ಇಳಿಬೀಳುತ್ತದೆ. ಹೂವಿನ ಒಳಗೆ ಲಿಂಗ, ಮೇಲೆ ಹೆಡೆ. ಶಿವನ ಗುಡಿಗಳಲ್ಲಿ ಇದನ್ನು ಬೆಳೆಸುವುದು ಅದಕ್ಕೇ. ಮರ ಮಾತ್ರ ಮೂಲತಃ ದಕ್ಷಿಣ ಅಮೆರಿಕದ್ದು. ಕಾಯಿ ಫಿರಂಗಿ ಗುಂಡಿನಷ್ಟಿದೆ, ಕೆಳಗೆ ಹೆಚ್ಚು ಹೊತ್ತು ನಿಲ್ಲಬೇಡಿ.

ಮಳೆ ಮರ, ಆಲ, ಅತ್ತಿ, ಸಂಪಿಗೆ, ಬಿದಿರು ಮೆಳೆ ಎಲ್ಲ ದಾರಿಯಲ್ಲಿ ತಾವಾಗಿ ಸಿಗುತ್ತವೆ. ಟಿಪ್ಪು ಕಾಲದವು ಎನ್ನುವ ಮಾವಿನ ಮರಗಳೂ ಇವೆ. ಇನ್ನೊಂದನ್ನು ಜನ ನೋಡದೆ ದಾಟಿಬಿಡುತ್ತಾರೆ: ಕಲ್ಲಾಗಿ ಹೋದ ಮರದ ಕಾಂಡ. ತಮಿಳುನಾಡಿನ ತಿರುವಕ್ಕರೈನಿಂದ ತಂದಿಟ್ಟ ಪಳೆಯುಳಿಕೆ, ವಯಸ್ಸು ಸುಮಾರು 2 ಕೋಟಿ ವರ್ಷ. ಮರದ ಒಂದೊಂದು ಕಣದ ಜಾಗಕ್ಕೂ ಖನಿಜ ತುಂಬಿಕೊಂಡು ಆದ ಕಲ್ಲು. ನಾರಿನ ಗೆರೆ ಇನ್ನೂ ಕಾಣುತ್ತದೆ.

ಹೆಸರಿನ ಫಲಕ ಇದ್ದ ಕಡೆ ಓದಿ. ಒಂದು ನಡಿಗೆಗೆ ಐದು ಮರದ ಹೆಸರು ಕಲಿತರೂ ಸಾಕು. ಆಮೇಲೆ ನಿಮ್ಮ ಬೀದಿಯಲ್ಲೇ ಅವು ಕಣ್ಣಿಗೆ ಬೀಳಲು ಶುರುವಾಗುತ್ತವೆ.

ಯಾವ ತಿಂಗಳಲ್ಲಿ ಯಾವ ಹೂವು?

ಚಳಿಗಾಲದ ಕೊನೆಗೆ ಗುಲಾಬಿ ಬಣ್ಣದ ಟಬೂಬಿಯಾ, ಅದರ ಹಿಂದೆಯೇ ಹಳದಿಯದು. ಫೆಬ್ರವರಿ, ಮಾರ್ಚ್‌ನಲ್ಲಿ ನೇರಳೆ ಜಕರಾಂಡ. ಯುಗಾದಿ ಹೊತ್ತಿಗೆ ಹೊಂಗೆ ಚಿಗುರು, ಹೂವು. ಏಪ್ರಿಲ್, ಮೇನಲ್ಲಿ ಗುಲ್‌ಮೊಹರ್. ಮಳೆಗಾಲ ಮುಗಿಯುವಾಗ ಆಕಾಶಮಲ್ಲಿಗೆ. ಅದು ರಾತ್ರಿ ಅರಳುವ ಹೂವು, ಬೆಳಗ್ಗೆ ಬೇಗ ಬಂದರೆ ನೆಲದ ತುಂಬ ಬಿದ್ದಿರುತ್ತದೆ, ಘಮ ಇನ್ನೂ ಇರುತ್ತದೆ. ಒಂದೇ ತಿಂಗಳು ಹೇಳಿ ಎಂದರೆ ನಾನು ಮಾರ್ಚ್ ಹೇಳುತ್ತೇನೆ.

ಫಲಪುಷ್ಪ ಪ್ರದರ್ಶನಕ್ಕೆ ಹೋಗಬಹುದಾ?

ಖಂಡಿತ, ಒಂದು ಸಲವಾದರೂ ಹೋಗಿ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಪ್ರತಿ ಸಲ ಒಂದು ವಿಷಯ ಇರುತ್ತದೆ. 2022ರ ಆಗಸ್ಟಿನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ನೆನಪಿಗೆ ಮಾಡಿದ್ದರು, ಜನ ದೂರದೂರದ ಊರುಗಳಿಂದ ಬಂದಿದ್ದರು. ಲಕ್ಷಾಂತರ ಹೂವಿನ ಹಿಂದೆ ಮಾಲಿಗಳ ತಿಂಗಳುಗಟ್ಟಲೆ ದುಡಿಮೆ ಇರುತ್ತದೆ, ಅದಕ್ಕೆ ಮರ್ಯಾದೆ ಸಲ್ಲಲೇಬೇಕು.

ಆದರೆ ಅದು ನಡಿಗೆಯ ದಿನ ಅಲ್ಲ. ನಿಧಾನವಾಗಿ ನಡೆಯಲು ಜಾಗವೇ ಇರುವುದಿಲ್ಲ. ವಾರದ ಮಧ್ಯೆ, ಬೆಳಗ್ಗೆ ಬೇಗ, ಮೆಟ್ರೋದಲ್ಲಿ ಬನ್ನಿ. ಲಾಲ್‌ಬಾಗ್ ಅಂದರೆ ಪ್ರದರ್ಶನ ಮಾತ್ರ ಅಂದುಕೊಂಡವರು ಇನ್ನೊಂದು ಸುಮ್ನೆ ದಿನ ಮತ್ತೆ ಬರಬೇಕು.

ಕೆರೆಯಲ್ಲಿ ಯಾವ ಹಕ್ಕಿ ಸಿಗುತ್ತವೆ?

ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ ಸಾಮಾನ್ಯ. ಜೊಂಡಿನ ಅಂಚಿನಲ್ಲಿ ನೇರಳೆ ಬಣ್ಣದ ಜಂಬುಕೋಳಿ ನೋಡಿ. ಹೆಜ್ಜಾರ್ಲೆಯೂ ಕಾಣಿಸುತ್ತದೆ. ಮರಗಳ ಕಡೆ ಬಂದರೆ ಕುಟ್ರೂ ಕುಟ್ರೂ ಎಂದು ಬಿಡದೆ ಕೂಗುವ ಕುಟ್ರು ಹಕ್ಕಿ. ಕಿವಿಗೆ ಸಿಕ್ಕಷ್ಟು ಸುಲಭವಾಗಿ ಕಣ್ಣಿಗೆ ಸಿಗುವುದಿಲ್ಲ, ಎಲೆ ಬಣ್ಣವೇ ಅದರದ್ದು. ಹಳೆಯ ಮರದ ಪೊಟರೆಯಲ್ಲಿ ಹಾಲಕ್ಕಿ ಹಗಲೇ ತಲೆ ಹೊರಗೆ ಹಾಕಿ ಕುಳಿತಿರುತ್ತದೆ. ಹಕ್ಕಿ ನೋಡುವ ಹವ್ಯಾಸದವರು ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಗಾಜಿನ ಮನೆ ಹತ್ತಿರ ಸೇರುವುದು ದಶಕಗಳ ರೂಢಿ. ಹೊಸಬರಿಗೆ ಹಕ್ಕಿ ತೋರಿಸುವ ಹಿರಿಯರು ಅಲ್ಲಿ ಸಿಗುತ್ತಾರೆ.

ಹಕ್ಕಿಗೆ, ಮೀನಿಗೆ ಬ್ರೆಡ್, ಪುರಿ ಹಾಕಬೇಡಿ. ನೀರು ಕೆಡುತ್ತದೆ.

ಅಜ್ಜಿ ತಾತನನ್ನು ಕರೆದುಕೊಂಡು ಬರಬಹುದಾ?

ಬನ್ನಿ. ಮುಖ್ಯ ದಾರಿಗಳು ಸಮತಟ್ಟಾಗಿವೆ, ಅಲ್ಲಲ್ಲಿ ಕಲ್ಲುಬೆಂಚು ಇವೆ. ಬ್ಯಾಟರಿ ಗಾಡಿಯ ಸೌಲಭ್ಯವೂ ಇದೆ. ಮಂಡಿ ನೋವಿದ್ದವರಿಗೆ ಬಂಡೆ ಬೇಡ. ಗಾಜಿನ ಮನೆ ಸುತ್ತಲೇ ಒಂದು ಗಂಟೆ ಚೆನ್ನಾಗಿ ಕಳೆಯಬಹುದು. ಕುಡಿಯುವ ನೀರು ಮನೆಯಿಂದಲೇ ತನ್ನಿ, ಬಿಸಾಡುವ ಪ್ಲಾಸ್ಟಿಕ್ ಬೇಡ.

ಹೆಜ್ಜೇನು ಇದೆ ಅಂತಾರೆ, ಭಯ ಪಡಬೇಕಾ?

ಎತ್ತರದ ಮರಗಳಲ್ಲಿ ಹೆಜ್ಜೇನು ಗೂಡುಗಳಿವೆ. ಅವುಗಳ ಪಾಡಿಗೆ ಬಿಟ್ಟರೆ ಏನೂ ಮಾಡುವುದಿಲ್ಲ. ಕಲ್ಲು ಎಸೆಯುವುದು, ಹೊಗೆ ಹಾಕುವುದು ಅಪಾಯ. ಎದ್ದರೆ ದಾರಿಯಲ್ಲಿ ಹೋಗುವ ಎಲ್ಲರಿಗೂ ಕಚ್ಚುತ್ತವೆ. ಮಕ್ಕಳಿಗೆ ಮೊದಲೇ ಹೇಳಿಡಿ.

ಕಬ್ಬನ್ ಪಾರ್ಕ್ ಒಳ್ಳೆಯದಾ, ಲಾಲ್‌ಬಾಗಾ?

ಎರಡೂ ಬೇರೆ ಬೇರೆ ಬಗೆ. ಕಬ್ಬನ್ ಪಾರ್ಕ್ 1870ರಲ್ಲಿ ರಿಚರ್ಡ್ ಸ್ಯಾಂಕಿ ಕಾಲದಲ್ಲಿ ಆದದ್ದು. ಊರಿನ ನಡುವೆ ತೆರೆದುಕೊಂಡಿದೆ, ಕೆಂಪು ಕಟ್ಟಡಗಳಿವೆ, ನಡುವೆ ರಸ್ತೆಗಳಿವೆ. ಪುಸ್ತಕ ಹಿಡಿದು ಹುಲ್ಲಿನ ಮೇಲೆ ಕೂರುವವರಿಗೆ ಅದು. ಗಿಡಮರ ತಿಳಿಯಬೇಕು ಎನ್ನುವವರಿಗೆ ಲಾಲ್‌ಬಾಗ್.

ಲಾಲ್‌ಬಾಗ್ ಜಾಗಕ್ಕೆ ರಕ್ಷಣೆ ಇದೆಯಾ?

1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಲಾಲ್‌ಬಾಗಿಗೂ ಕಬ್ಬನ್ ಪಾರ್ಕಿಗೂ ಅನ್ವಯಿಸುತ್ತದೆ. ಪಾರ್ಕಿನ ಜಾಗ ಮಾರುವುದಕ್ಕೆ, ಗುತ್ತಿಗೆಗೆ ಕೊಡುವುದಕ್ಕೆ ಅದರಲ್ಲಿ ತಡೆ ಇದೆ. ಆದರೂ 2009ರಲ್ಲಿ ಮೆಟ್ರೋ ಕೆಲಸಕ್ಕೆ ಆರ್.ವಿ. ರಸ್ತೆ ಕಡೆಯ ಅಂಚಿನ ಜಾಗ ಹೋಯಿತು, ಮರಗಳು ಉರುಳಿದವು. ಊರಿನ ಜನ ಬೀದಿಗೆ ಬಂದು ವಿರೋಧಿಸಿದರು. ಇವತ್ತು ಅದೇ ಮೆಟ್ರೋದಲ್ಲಿ ಸಾವಿರಾರು ಜನ ಲಾಲ್‌ಬಾಗಿಗೆ ಬರುತ್ತಾರೆ ಎನ್ನುವುದೂ ನಿಜ. ಎರಡೂ ಮಾತು ಒಟ್ಟಿಗೆ ಹೇಳಬೇಕು. ಮರ ಕಡಿಯಲು ಹತ್ತು ನಿಮಿಷ ಸಾಕು, ಅದೇ ಮರ ಮತ್ತೆ ಬೆಳೆಯಲು ಮೂರು ತಲೆಮಾರು ಬೇಕು. ಯಾವ ಯೋಜನೆ ಬಂದರೂ ಮೊದಲು ಕೇಳಬೇಕಾದ ಲೆಕ್ಕ ಇದು. ಕಾಯ್ದೆ ಇದೆ ಎಂದು ಜನ ಸುಮ್ಮನಿದ್ದರೆ ಆಗುವುದಿಲ್ಲ.

ಗಿಡ ಕೊಳ್ಳಬಹುದಾ?

ಹೌದು, ನರ್ಸರಿ ಇದೆ. ನಿಮ್ಮ ಬಾಲ್ಕನಿಗೆ ಎಷ್ಟು ಬಿಸಿಲು ಬರುತ್ತದೆ ಎಂದು ಹೇಳಿ ಗಿಡ ಕೇಳಿ. ಹೂವು ಇರುವ ಗಿಡಕ್ಕಿಂತ ಬೇರು ಗಟ್ಟಿ ಇರುವ ಗಿಡ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಮಾವು, ಹಲಸಿನ ಮೇಳ ನಡೆಯುವಾಗ ಬಂದರೆ ರೈತರಿಂದಲೇ ಹಣ್ಣು ಕೊಳ್ಳಬಹುದು.

ನಡೆದು ಹಸಿವಾದರೆ ಎಲ್ಲಿ ತಿಂಡಿ?

ಮುಖ್ಯ ಗೇಟಿನಿಂದ ಹೊರಬಂದರೆ ಮಾವಳ್ಳಿಯ ಎಂಟಿಆರ್ ಕೂಗಳತೆಯಲ್ಲಿದೆ. 1924ರಿಂದ ಇದೆ. ರವೆ ಇಡ್ಲಿ ಹುಟ್ಟಿದ್ದು ಅಲ್ಲೇ, ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ. ಸೋಮವಾರ ರಜೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಪಶ್ಚಿಮ ಗೇಟಿನಿಂದ ಆಟೋದಲ್ಲಿ ಹೋಗಬಹುದು, 1943ರ ಹೋಟೆಲು, ಮಸಾಲೆ ದೋಸೆಗೆ ಹೆಸರು, ಶುಕ್ರವಾರ ರಜೆ. ಸಂಜೆ ನಡಿಗೆಯವರಿಗೆ ಸಜ್ಜನ್ ರಾವ್ ವೃತ್ತದ ಹತ್ತಿರದ ವಿ.ವಿ. ಪುರಂ ತಿಂಡಿ ಬೀದಿ. ಚಳಿಗಾಲದಲ್ಲಿ ಅವರೆಕಾಯಿ ಸಿಗುವ ದಿನಗಳಾದರೆ ಹಿತಕಿದ ಅವರೆಬೇಳೆ ಹಾಕಿದ್ದನ್ನೇ ಕೇಳಿ. ಎಲ್ಲಿ ಹೋದರೂ ಭಾನುವಾರ ಬೆಳಗ್ಗೆ ಕಾಯಬೇಕಾಗುತ್ತದೆ, ಅದಕ್ಕೆ ಮುಕ್ಕಾಲು ಗಂಟೆ ಬೇರೆ ಇಟ್ಟುಕೊಳ್ಳಿ.